ಸೊನ್ನೆಗೆ ಮರಳುವ ಗಡಿಯಾರ

ಕೊಡಿಗೇಹಳ್ಳಿಗೆ ಜಾಲಹಳ್ಳಿ ಬಹಳ ದೂರವಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಆರಂಭವಾದದ್ದು ಅಲ್ಲಿಯೇ. ದಿನವೂ ಕೀ ಕೊಡಬೇಕಿದ್ದ ಆ ಗಡಿಯಾರಗಳನ್ನು ಮನೆಯ ಹಿರಿಯರು ಮರೆತಿರಲಾರರು. ಮುಂದೆ ಕ್ವಾರ್ಟ್ಜ್ ಗಡಿಯಾರಗಳು ಬಂದವು. ಅವುಗಳೊಳಗಿನ ಪುಟ್ಟ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಎರಡರಿಂದ ಹದಿನೈದು ಸಲ ಭಾಗಿಸಿ ನೋಡಿ. ಕೊನೆಗೆ ಉಳಿಯುವುದು ಒಂದು. ಅಂದರೆ ಸೆಕೆಂಡಿಗೆ ಒಂದು ಮಿಡಿತ.

ಬಟ್ಟೆ ಒಗೆಯುವ ಯಂತ್ರದಿಂದ ವಿಮಾನದವರೆಗೆ ಎಲ್ಲದರೊಳಗೂ ಇರುವ ಚಿಪ್‌ಗಳಿಗೆ ಕಾಲ ತಿಳಿಸುವುದೂ ಸ್ಫಟಿಕದ ಇಂಥ ಮಿಡಿತವೇ. ಜಾಲಹಳ್ಳಿಯ ಇನ್ನೊಂದು ಕಾರ್ಖಾನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಮತಯಂತ್ರಗಳನ್ನು ತಯಾರಿಸುತ್ತದೆ. ಅವುಗಳ ಜೊತೆಗಿರುವ ವಿವಿಪ್ಯಾಟ್, ಮತದಾರನಿಗೆ ಚೀಟಿಯನ್ನು 7 ಸೆಕೆಂಡು ತೋರಿಸಿ ಪೆಟ್ಟಿಗೆಗೆ ಬೀಳಿಸುತ್ತದೆ. ಆ ಏಳು ಸೆಕೆಂಡುಗಳನ್ನೂ ಯಾರಾದರೂ ಎಣಿಸಲೇಬೇಕಲ್ಲವೇ?

ಆಪರೇಟಿಂಗ್ ಸಿಸ್ಟಮ್ ಇರುವ ಚಿಪ್‌ನಲ್ಲಿ ಈ ಹೊಣೆ ಕರ್ನೆಲ್‌ನದು. ಕರ್ನೆಲ್ ಎಂದರೆ ಆ ತಂತ್ರಾಂಶದ ತಿರುಳು. ಆದರೆ ಅದು ತಾನೇ 'ಒಂದು, ಎರಡು' ಎನ್ನುತ್ತ ಕೂರುವಂತಿಲ್ಲ. ನಡುವೆ ಬೇರೆ ಕೆಲಸ ಬಂದರೆ ಲೆಕ್ಕ ತಪ್ಪೀತು. ಆದ್ದರಿಂದ ಎಣಿಕೆಯನ್ನು ಕೌಂಟರ್ ಎಂಬ ಹಾರ್ಡ್‌ವೇರ್ ಭಾಗಕ್ಕೆ ಒಪ್ಪಿಸಿ, ಬೇಕಾದಾಗ ಓದಿಕೊಳ್ಳುತ್ತದೆ. ತೊಡಕಿರುವುದು ಈ ಓದುವುದರಲ್ಲಿ.

ಸ್ಕೂಟರಿನ ಮೀಟರು 99,999 ದಾಟಿದರೆ ಸೊನ್ನೆಗೆ ಬರುತ್ತದೆ. ಕೌಂಟರ್ ಕೂಡ ಹಾಗೆಯೇ. ಮಿಲಿಸೆಕೆಂಡುಗಳನ್ನು ಎಣಿಸುವ 32 ಬಿಟ್ ಕೌಂಟರ್ ಸುಮಾರು 49.7 ದಿನಕ್ಕೊಮ್ಮೆ ಸೊನ್ನೆಯಾಗುತ್ತದೆ. ಅಷ್ಟು ದಿನ ಬಿಡುವಿಲ್ಲದೆ ನಡೆದ ವಿಂಡೋಸ್ 95 ಇದರಿಂದಲೇ ಸ್ತಬ್ಧವಾಗುತ್ತಿತ್ತು. ಬೋಯಿಂಗ್ 787 ವಿಮಾನದ ವಿದ್ಯುತ್ತನ್ನು 248 ದಿನ ಆರಿಸದೇ ಇಟ್ಟರೆ ಜನರೇಟರ್‌ಗಳ ನಿಯಂತ್ರಕಗಳು ಕೈಕೊಡಬಹುದೆಂದು 2015ರಲ್ಲಿ ಗೊತ್ತಾಯಿತು. ಅಲ್ಲಿಯೂ ತುಂಬಿ ಉಕ್ಕುವುದು ಒಂದು ಕೌಂಟರ್!

ಪರಿಹಾರ ಶಾಲೆಯ ಲೆಕ್ಕದಷ್ಟೇ ಸುಲಭ. ಹೊರಟಾಗ ಮೀಟರು 99,990, ತಲುಪಿದಾಗ 15. ಯಾವುದು ದೊಡ್ಡದೆಂದು ಹೋಲಿಸಿದರೆ ಸ್ಕೂಟರು ಹಿಂದಕ್ಕೆ ಓಡಿದಂತಾಯಿತು. ಒಂದು ಸುತ್ತನ್ನು ಸೇರಿಸಿ ಕಳೆದರೆ 25 ಕಿಲೋಮೀಟರ್, ಸರಿಯಾದ ಉತ್ತರ. ಒಳ್ಳೆಯ ಕರ್ನೆಲ್ ಹೋಲಿಸುವುದಿಲ್ಲ, ಕಳೆಯುತ್ತದೆ.

ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ದೊಡ್ಡ ಕೌಂಟರನ್ನು ಸಣ್ಣ ಚಿಪ್ ಎರಡು ತುಂಡಾಗಿ ಓದಬೇಕಾಗುತ್ತದೆ. ಗಂಟೆ 9:59. ನೀವು ಮೊದಲು '9' ಎಂದು ಬರೆದುಕೊಂಡಿರಿ. ನಿಮಿಷ ನೋಡುವಷ್ಟರಲ್ಲಿ ಅದು '00' ಆಯಿತು. ಬರೆದದ್ದು 9:00, ನಿಜವಾದದ್ದು 10:00. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಗಂಟೆಯೇ ಮಾಯ! ಹಾಗಾಗಿ ಗಂಟೆ, ನಿಮಿಷ, ಮತ್ತೆ ಗಂಟೆ ಎಂದು ಓದಬೇಕು. ಗಂಟೆ ಬದಲಾಗಿದ್ದರೆ ಮೊದಲಿನಿಂದ ಓದಬೇಕು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಎಚ್ಚರವೇ ಎಂದು ಕೇಳಬಹುದು. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ವೇಳೆ, ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಎದುರಾಳಿಯ ಕ್ಷಿಪಣಿಯನ್ನು ತಡೆಯಲಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗವನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ತಿ ಬರೆಯಲಾಗದು, ಬಾಲವನ್ನು ಕತ್ತರಿಸಲೇಬೇಕು. ಆ ಕತ್ತರಿಸಿದ ಚೂರುಗಳು ಸುಮಾರು 100 ಗಂಟೆಗಳಲ್ಲಿ ಕೂಡಿ ಸೆಕೆಂಡಿನ ಮೂರನೇ ಒಂದು ಭಾಗವಾದವು. ಅಷ್ಟರಲ್ಲಿ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗಿರುತ್ತದೆ. 28 ಸೈನಿಕರು ಸತ್ತರು. ತಿದ್ದಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು ಮರುದಿನ.

ಮುಂದಿನ ಪರೀಕ್ಷೆಯ ದಿನಾಂಕ ಈಗಲೇ ಗೊತ್ತಿದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಿರುವ ಹಳೆಯ 32 ಬಿಟ್ ಪದ್ಧತಿ, 2038ರ ಜನವರಿ 19ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಮರುಸೆಕೆಂಡಿಗೆ ಅಂಥ ಯಂತ್ರಗಳ ಪಾಲಿಗೆ ಅದು 1901ನೇ ಇಸವಿ! ಲಿನಕ್ಸ್ ಕರ್ನೆಲ್ 2020ರ ಹೊತ್ತಿಗೆ ಇದಕ್ಕೆ ಸಿದ್ಧವಾಯಿತು. ಆದರೆ ಗೋಡೆಯೊಳಗೆ, ಯಂತ್ರದೊಳಗೆ ಕೂತ ಹಳೆಯ ಚಿಪ್‌ಗಳನ್ನು ಹುಡುಕಿ ತಿದ್ದುವ ಕೆಲಸ ಇಂದಿನ ವಿದ್ಯಾರ್ಥಿಗಳದೇ.

ಅವರಿಗೆ ಲಿನಕ್ಸ್‌ನಿಂದಲೇ ಒಂದು ಪಾಠವಿದೆ. ಅದರ 32 ಬಿಟ್ ಕೌಂಟರ್ ಸೊನ್ನೆಯಿಂದ ಶುರುವಾಗುವುದಿಲ್ಲ. ಯಂತ್ರ ಹಚ್ಚಿದ ಐದೇ ನಿಮಿಷಕ್ಕೆ ಸುತ್ತು ಮುಗಿಯುವಂತೆ ಬೇಕೆಂದೇ ಇಟ್ಟಿದ್ದಾರೆ. ತಪ್ಪಿದ್ದರೆ ತಿಂಗಳುಗಳ ನಂತರ ಕಾಡುವ ಬದಲು ಪ್ರಯೋಗಶಾಲೆಯಲ್ಲೇ ಬಯಲಾಗುತ್ತದೆ. ಮಕ್ಕಳ ಪ್ರಾಜೆಕ್ಟ್ ಚೆನ್ನಾಗಿ ನಡೆದಾಗ ಪೋಷಕರು ಮೆಚ್ಚಿಕೊಳ್ಳಲಿ. ಜೊತೆಗೆ, 'ಕೌಂಟರ್ ಸೊನ್ನೆಯಾದಾಗ ಏನಾಗುತ್ತದೆ, ನೋಡಿದೆಯಾ?' ಎಂದೂ ಕೇಳಲಿ.