ಚಾಳಿನ ನೆನಪಿನಲ್ಲಿ ಮಾಣಿಗೆ ಜಾಗವಿಲ್ಲ

ಮುಂಬಯಿ ಕನ್ನಡಿಗರ ಬಾಲ್ಯದ ನೆನಪುಗಳು ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. ಮಾಟುಂಗವಿರಲಿ, ಸಾಂತಾಕ್ರೂಜ್ ಇರಲಿ, ಗೋರೆಗಾಂವ್ ಇರಲಿ: ಹಗಲಿಡೀ ತೆರೆದ ಬಾಗಿಲು, ಯಾರದೋ ಮನೆಯಲ್ಲಿ ಊಟ, ಗ್ಯಾಲರಿಯಲ್ಲಿ ಕ್ರಿಕೆಟ್, ಗಣೇಶೋತ್ಸವದ ನಾಟಕ. ಕೊನೆಗೊಂದು ನಿಟ್ಟುಸಿರು: ಈಗ ಪಕ್ಕದ ಫ್ಲ್ಯಾಟಿನವರ ಹೆಸರೂ ಗೊತ್ತಿಲ್ಲ.

ಆ ಒಗ್ಗಟ್ಟು ಸುಳ್ಳಲ್ಲ. ಆದರೆ ಅದು ಆಕಾಶದಿಂದ ಉದುರಿದ್ದೂ ಅಲ್ಲ. 1915ರಲ್ಲಿ ಸಾರಸ್ವತರು ಗಾಮದೇವಿಯಲ್ಲಿ ಸಹಕಾರಿ ವಸತಿ ಸಂಘ ಕಟ್ಟಿಕೊಂಡರು; ದೇಶದ ಅಂಥ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ದುಬಾರಿ ಬಾಡಿಗೆಯ ನಗರದಲ್ಲಿ ಜಾತಿ ಆಸರೆಯಾಯಿತು, ಅದೇ ಬೇಲಿಯೂ ಆಯಿತು. ‘ನಾವೆಲ್ಲ ಒಂದೇ ಮನೆಯವರು’ ಎನ್ನುವಾಗ ಆ ‘ಎಲ್ಲ’ ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು.

ಈ ನೆನಪುಗಳಲ್ಲಿ ಕಾಣದವನು ಅದೇ ವಯಸ್ಸಿನ, ಅದೇ ಬೀದಿಯ ಇನ್ನೊಬ್ಬ ಕನ್ನಡ ಹುಡುಗ. ಕರಾವಳಿಯಿಂದ ಬಂದವನು. ಹಗಲು ಮೂಲೆಯ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ರಾತ್ರಿಶಾಲೆಯಲ್ಲಿ ತೂಕಡಿಸುತ್ತಲೇ ಓದಿದವನು. ಗ್ಯಾಲರಿಗೆ ಅವನೂ ಬರುತ್ತಿದ್ದ, ಆಡಲು ಅಲ್ಲ, ಚಹಾ ಕೊಡಲು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ಕೇಂದ್ರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ.

ರಾತ್ರಿಶಾಲೆಗಳ ಬಗ್ಗೆ ಮುಂಬಯಿ ಕನ್ನಡಿಗರಿಗೆ ಹೆಮ್ಮೆಯಿದೆ, ಇರಬೇಕಾದದ್ದೇ. ಆದರೆ ಮಕ್ಕಳಿಗೆ ರಾತ್ರಿ ಶಾಲೆ ಯಾಕೆ ಬೇಕಾಯಿತು ಎಂದು ಕೇಳುವವರು ಕಡಿಮೆ. ಅವರ ಹಗಲನ್ನು ಸಮುದಾಯದ ಹೋಟೆಲುಗಳೇ ಕೊಂಡುಕೊಂಡಿದ್ದವು.

ನೆರೆಯವರ ಹೆಸರು ಗೊತ್ತಿಲ್ಲದ ಕಾಲ ಈಗ ಬಂತೆಂದು ಮರುಗುವವರು ಒಂದು ಪ್ರಶ್ನೆಗೆ ಉತ್ತರಿಸಲಿ. ದಿನವೂ ಚಹಾ ತರುತ್ತಿದ್ದವನ ಹೆಸರೇನು? ಚಾಳಿಗೆ ‘ಮಾಣಿ’ ಎಂಬಷ್ಟೇ ಸಾಕಾಗಿತ್ತು.