ಗರ್ಭಪಾತಕ್ಕೆ ದಂಡ ಯಾರಿಗೆ?

ಗರ್ಭಪಾತ ಮಾಡಿಕೊಂಡ ಸ್ತ್ರೀಯನ್ನು ದಂಡಿಸುವುದು ಶಾಸ್ತ್ರಕ್ಕೂ ನ್ಯಾಯಕ್ಕೂ ಸಮ್ಮತವೆನ್ನುವ ಹಿರಿಯರು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಪಾಂಡಿತ್ಯಕ್ಕೆ ನನ್ನ ನಮಸ್ಕಾರವುಂಟು. ಅವರ ವಾದಕ್ಕೆ ಸಮ್ಮತಿಯಿಲ್ಲ.

ಮೊದಲು ಕಾಯಿದೆಯನ್ನು ನೋಡೋಣ. ಮೆಕಾಲೆಯ ಆಯೋಗವು 1837ರಲ್ಲಿ ಕರಡು ಸಿದ್ಧಪಡಿಸಿ, 1860ರಲ್ಲಿ ಅಂಗೀಕೃತವಾದ ಪೀನಲ್ ಕೋಡಿನ 312ನೆಯ ಕಲಮು, ತಾಯಿಯ ಪ್ರಾಣರಕ್ಷಣೆಯ ಸಂದರ್ಭವೊಂದನ್ನುಳಿದು, ಗರ್ಭಪಾತಕ್ಕೆ 3 ವರ್ಷಗಳವರೆಗೂ, ಗರ್ಭದಲ್ಲಿ ಚಲನೆ ತೋರಿದ ಬಳಿಕವಾದರೆ 7 ವರ್ಷಗಳವರೆಗೂ ಸೆರೆಯನ್ನು ವಿಧಿಸಿತು. ತಾನೇ ಗರ್ಭಪಾತ ಮಾಡಿಕೊಂಡವಳೂ ಅಪರಾಧಿಯೇ ಎಂಬ ವಿವರಣೆಯನ್ನೂ ಸೇರಿಸಿತು. ಅವಳನ್ನು ಆ ದೆಸೆಗೆ ತಂದು ಕೈಬಿಟ್ಟವನ ಸುದ್ದಿಯೇ ಅಲ್ಲಿಲ್ಲ.

ಇನ್ನು ಶಾಸ್ತ್ರ. ಭ್ರೂಣಹತ್ಯೆಯು ಘೋರ ಪಾತಕವೆಂದು ಧರ್ಮಶಾಸ್ತ್ರಗಳು ಸಾರುವುದು ನಿಜವೇ. ಆದರೆ ಪಾತಕಕ್ಕೆ ಪ್ರಾಯಶ್ಚಿತ್ತ ಬೇರೆ, ರಾಜದಂಡ ಬೇರೆ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಬೇಕು. ಹೊಡೆದು ಗರ್ಭ ಕೆಡಿಸಿದವನಿಗೆ ಉತ್ತಮ ಸಾಹಸದಂಡ, ಔಷಧದಿಂದ ಕೆಡಿಸಿದವನಿಗೆ ಮಧ್ಯಮ, ಕ್ಲೇಶಪಡಿಸಿ ಕೆಡಿಸಿದವನಿಗೆ ಪ್ರಥಮ. ಪೆಟ್ಟನ್ನೂ ಕ್ಲೇಶವನ್ನೂ ಕೊಡತಕ್ಕವನು ಅನ್ಯನೇ ಹೊರತು ಗರ್ಭಿಣಿಯಲ್ಲವಷ್ಟೆ? ಮೆಕಾಲೆಯ ವಿವರಣೆಯಂಥದು ಆ ಸೂತ್ರದಲ್ಲಿಲ್ಲ.

ಕ್ಲೇಶಪಡಿಸಿದವರು ಯಾರೆಂಬುದನ್ನು ನಮ್ಮ ಸೀಮೆಯು ಬಲ್ಲದು. ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಚಲಚ್ಚಿತ್ರವಾಗಿಸಿದರು. ಅದರಲ್ಲಿ ವಿಧವೆಯೊಬ್ಬಳು ಬಸಿರಾಗುತ್ತಾಳೆ. ಕಾರಣನಾದ ಉಪಾಧ್ಯಾಯನು, ನನ್ನದೇ ವೃತ್ತಿಯವನು, ಗರ್ಭ ತೆಗೆಸಿ ಮರೆಯಾಗುತ್ತಾನೆ. ಬದುಕಿರುವ ಮಗಳಿಗೆ ತಂದೆಯು ಶ್ರಾದ್ಧ ಮಾಡುತ್ತಾನೆ. ಉಪಾಧ್ಯಾಯನ ಹೆಸರಿನಲ್ಲಿ ಯಾರೂ ಘಟವನ್ನೊಡೆಯಲಿಲ್ಲ! ಇದು ಬರಿಯ ಕಥೆಯೆನ್ನುವವರು 1881ರ ಸೂರತ್ತಿನ ಮೊಕದ್ದಮೆಯನ್ನು ನೆನೆಯಲಿ. ವಿಜಯಲಕ್ಷ್ಮಿಯೆಂಬ ಬ್ರಾಹ್ಮಣ ವಿಧವೆಗೆ ಶಿಶುಹತ್ಯೆಗಾಗಿ ಗಲ್ಲು ವಿಧಿಸಿ, ಬಳಿಕ ಶಿಕ್ಷೆಯನ್ನಿಳಿಸಿದರು. ಪುರುಷನ ಪಾಲೆಲ್ಲಿ ಎಂದು 1882ರಲ್ಲಿ ತಾರಾಬಾಯಿ ಶಿಂಧೆ ಮರಾಠಿಯಲ್ಲಿ ಪುಸ್ತಕ ಬರೆದೇ ಕೇಳಿದರು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಎಷ್ಟೋ ಮನೆಗಳು ಮುಳುಗಿದವು. ಆ ಪ್ರಶ್ನೆ ಮುಳುಗಲಿಲ್ಲ.

ಕಾಯಿದೆಯು ಈಗ ಸಡಿಲವಾಗಿದೆಯಲ್ಲ ಎನ್ನಬಹುದು. 1971ರ ಶಾಸನವು ವೈದ್ಯರ ಮೂಲಕ ಗರ್ಭಪಾತಕ್ಕೆ ಎಡೆಗೊಟ್ಟಿತು. 2021ರ ತಿದ್ದುಪಡಿಯು ಕೆಲವು ಸಂದರ್ಭಗಳಲ್ಲಿ 24 ವಾರಗಳವರೆಗೂ ಅವಕಾಶವಿತ್ತಿತು. 2022ರಲ್ಲಿ ಸುಪ್ರೀಂ ಕೋರ್ಟು ಅವಿವಾಹಿತೆಗೂ ಅದು ಸಲ್ಲುವುದೆಂದಿತು. ಸಂತೋಷವೇ. ಆದರೆ ಇವೆಲ್ಲ ಅಪರಾಧಕ್ಕೆ ಕೊಟ್ಟ ವಿನಾಯಿತಿಗಳು. ಲೋಕಾಪವಾದಕ್ಕಂಜಿ ವೈದ್ಯರ ಬಳಿಗೆ ಹೋಗಲಾರದೆ ತಾನೇ ಗುಟ್ಟಾಗಿ ಮದ್ದು ನುಂಗಿದವಳಿಗೆ ಆ ವಿನಾಯಿತಿ ಎಲ್ಲಿಯದು? 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯು ಹೊಸ ಹೆಸರು ತಳೆದಿದೆ. ಅದರ 88ನೆಯ ಕಲಮಿನಲ್ಲಿ ಮೆಕಾಲೆಯ ವಿವರಣೆಯು ಹಾಗೆಯೇ ಕುಳಿತಿದೆ.

ಸ್ತ್ರೀಯ ಸಮ್ಮತಿಯಿಲ್ಲದೆ ಗರ್ಭ ಕೆಡಿಸುವವನಿಗೆ ಕಠಿನ ಶಿಕ್ಷೆಯಿರಲಿ. ಹೆಣ್ಣುಭ್ರೂಣದ ಪತ್ತೆಯನ್ನು ತಡೆಯುವ 1994ರ ಕಾಯಿದೆಯೂ ಇರಲಿ. ಆ ಒಂದು ವಾಕ್ಯದ ವಿವರಣೆಯನ್ನು ಮಾತ್ರ ಅಳಿಸತಕ್ಕದ್ದು. ಕ್ಲೇಶಪಟ್ಟವಳನ್ನೇ ಕಟಕಟೆಯಲ್ಲಿ ನಿಲ್ಲಿಸುವ ನ್ಯಾಯಕ್ಕೆ ಶಾಸ್ತ್ರದ ಹೆಸರನ್ನು ಕೊಡಬೇಡಿರೆಂದು ಹಿರಿಯರಲ್ಲಿ ನನ್ನ ಬಿನ್ನಹ.