ಎಲೆ ಬಚ್ಚಿಟ್ಟವಳು

ಚಪ್ಪಾಳೆ ಗಿಟ್ಟಿಸಿದವನೇ ಜಾದೂಗಾರ ಎಂದು ನಂಬಿರುವವರಿಗೆ ಅಮೆರಿಕದ ಗಣಿತಜ್ಞ ವಿಲಿಯಂ ಫಿಚ್ ಚೀನಿ ಹೆಣೆದ ಇಸ್ಪೀಟೆಲೆಯ ಆಟವೊಂದನ್ನು ತೋರಿಸಬೇಕು. 1950ರಲ್ಲಿ ವಾಲೇಸ್ ಲೀ ತಮ್ಮ ಪುಸ್ತಕದಲ್ಲಿ ಅದನ್ನು ಪ್ರಕಟಿಸಿದರು. ಪ್ರೇಕ್ಷಕರೊಬ್ಬರು 52 ಎಲೆಗಳ ಕಟ್ಟಿನಿಂದ ತಮಗಿಷ್ಟ ಬಂದ ಐದನ್ನು ಆರಿಸಿ ಸಹಾಯಕಿಗೆ ಕೊಡುತ್ತಾರೆ. ಅವಳು ಒಂದನ್ನು ಬಚ್ಚಿಟ್ಟು ಉಳಿದ ನಾಲ್ಕನ್ನು ಸಾಲಾಗಿ ಇಡುತ್ತಾಳೆ. ಹೊರಗಿದ್ದ ಜಾದೂಗಾರ ಬಂದು ಆ ನಾಲ್ಕನ್ನು ನೋಡಿ ಐದನೆಯದನ್ನು ಹೇಳುತ್ತಾನೆ. ಕಣ್ಸನ್ನೆ ಇಲ್ಲ, ಕೆಮ್ಮು ಇಲ್ಲ.

ಗಣಿತ ಓದಿದವರೇ ಇದು ಅಸಾಧ್ಯ ಅನ್ನುತ್ತಾರೆ. ನಾಲ್ಕು ಎಲೆಗಳನ್ನು ಜೋಡಿಸುವ ಬಗೆ 24, ಊಹಿಸಬೇಕಾದ ಎಲೆಗಳು 48. ನಾನೂ ಹಾಗೇ ವಾದಿಸಿದ್ದೆ. ಗುಣಾಕಾರ ತಪ್ಪಿಲ್ಲ; ಸಹಾಯಕಿಯನ್ನು ಬರೀ ಎರಡು ಕೈ ಎಂದು ಎಣಿಸಿದ್ದು ತಪ್ಪು. ಐದರಲ್ಲಿ ಯಾವುದನ್ನು ಬಚ್ಚಿಡಬೇಕೆಂದು ತೀರ್ಮಾನಿಸುವವಳು ಅವಳು. ಅದನ್ನೂ ಸೇರಿಸಿದರೆ ಬಗೆಗಳು 120.

ಜಾತಿ ನಾಲ್ಕೇ, ಎಲೆ ಐದು. ಎರಡಾದರೂ ಒಂದೇ ಜಾತಿಯವು ಇರಲೇಬೇಕು. ಆಟೀನ್ ರಾಜ, ಆಟೀನ್ ಮೂರು ಬಂದವೆನ್ನಿ. 13 ಎಲೆಗಳನ್ನು ಗಡಿಯಾರದ ಅಂಕಿಗಳ ಹಾಗೆ ಸುತ್ತ ಇಟ್ಟರೆ, ಎರಡರಲ್ಲಿ ಯಾವುದೋ ಒಂದರಿಂದ ಮುಂದಕ್ಕೆ ಎಣಿಸಿ ಆರು ಹೆಜ್ಜೆಯೊಳಗೆ ಇನ್ನೊಂದನ್ನು ಮುಟ್ಟಬಹುದು. ರಾಜನಿಂದ ಎಕ್ಕ, ಎರಡು, ಮೂರು: ಮೂರೇ ಹೆಜ್ಜೆ. ಮೂರರಿಂದ ರಾಜನಿಗಾದರೆ ಹತ್ತು, ಕೆಲಸ ಕೆಟ್ಟಿತು. ಆದ್ದರಿಂದ ಅವಳು ಮೂರನ್ನು ಬಚ್ಚಿಟ್ಟು ರಾಜನನ್ನು ಮೊದಲಿಗೆ ಇಡುತ್ತಾಳೆ. ಮಿಕ್ಕ ಮೂರು ಎಲೆಗಳನ್ನು ಆರು ಬಗೆಯಲ್ಲಿ ಇಡಬಹುದು. ಯಾವ ಬಗೆಗೆ ಯಾವ ಸಂಖ್ಯೆ ಎಂದು ಮೊದಲೇ ಮಾತಾಗಿರುತ್ತದೆ. ಜಾದೂಗಾರನಿಗೆ ಉಳಿಯುವುದು ಆರರೊಳಗಿನ ಎಣಿಕೆ. ಅಷ್ಟಕ್ಕೆ ಕರಿ ಕೋಟು ಬೇರೆ.

ಇದೆಲ್ಲ ರಂಗದ ಸಂಪ್ರದಾಯ, ದೊಡ್ಡದು ಮಾಡಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಹಾಯಕಿಗೆ ತಲೆಯಿದೆ ಎಂಬುದು ಯಾರಿಗೂ ಹೊಳೆಯದೆ ಇರುವುದರಿಂದಲೇ ಈ ಆಟ ಪವಾಡವಾಗಿ ಕಾಣುತ್ತದೆ. ದತ್ತಾಂಶ ಸಂಗ್ರಹಿಸಿದವರನ್ನು, ಯಾವುದನ್ನು ಬಿಡಬೇಕೆಂದು ರಾತ್ರಿಯೆಲ್ಲ ಕೂತು ಯೋಚಿಸಿದವರನ್ನು 'ಕೃತಜ್ಞತೆಗಳು' ಪುಟದಲ್ಲಿ ಕೂರಿಸಿ ಮುಗಿಸುವ ನಮ್ಮ ಸಂಶೋಧನಾ ಲೋಕಕ್ಕೂ ಇದೇ ಕುರುಡು.

ವಿಭಾಗದ ಕಾರ್ಯಕ್ರಮವೊಂದರಲ್ಲಿ ಗೆಳತಿಯೂ ನಾನೂ ಈ ಆಟ ಆಡಿದೆವು. ಅವಳು ಒಳಗೆ ಎಲೆ ಆರಿಸುವಾಗ ನಾನು ಹೊರಗೆ ಕಾಫಿ ಕುಡಿಯುತ್ತಿದ್ದೆ. ಬಂದು ಎಲೆಯ ಹೆಸರು ಹೇಳಿದೆ. ಹಿರಿಯರೊಬ್ಬರು ಎದ್ದು ಬಂದು ನನ್ನ ಕೈ ಕುಲುಕಿದರು. ಆಮೇಲೆ ಅವಳ ಕಡೆ ತಿರುಗಿ, "ಆ ಎಲೆಗಳನ್ನ ಎತ್ತಿಡಮ್ಮ" ಅಂದರು.